ಬಾಲ್ಕನಿಯ ಮಲ್ಲಿಗೆ ಮತ್ತು ನಿನ್ನ ಕೈಗುಣ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಕಾಗದ ಬಂತು. ಮಿಕ್ಕ ವಿಷಯವೆಲ್ಲ ನಿನ್ನಮ್ಮ ಹೇಳಿದ್ದಾಳೆ, ಅದಿರಲಿ. ಮಲ್ಲಿಗೆ ಗಿಡದ ಎಲೆ ಹಳದಿಯಾಗಿ ಉದುರಿದ್ದಕ್ಕೆ ‘ನನ್ನ ಕೈಗುಣವೇ ಕೆಟ್ಟದ್ದು’ ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲು ಮನಸ್ಸಿಗೆ ನಾಟಿಬಿಟ್ಟಿದೆ. ಹಾಗೆಲ್ಲ ಅಂದುಕೊಳ್ಳಬೇಡ ಮಗಳೇ.

ಬೆಳಿಗ್ಗೆ ಸಂಜೆ ತಪ್ಪದೆ ನೀರು ಹಾಕಿದೆ ಅಂತಲೂ ಬರೆದಿದ್ದೀಯ. ಬೆಂಗಳೂರಿನ ಮಳೆಗಾಲಕ್ಕೆ ಅಷ್ಟು ನೀರು ಬೇಡವೇ ಬೇಡ. ಟೈಲ್ಸಿಗೆ ಕಲೆಯಾಗಬಾರದೆಂದು ಕುಂಡದ ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಮಣ್ಣು ಒದ್ದೆಯಿದ್ದರೂ ಎಲೆ ಬಾಡುತ್ತದೆ. ಬಾಡಿತೆಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಅಕ್ಕರೆ ಹೆಚ್ಚಾದ ಕಡೆಯೇ ಹೀಗಾಗುವುದು. ಇದರಲ್ಲಿ ಕೈಗುಣ ಎಲ್ಲಿಂದ ಬಂತು?

ಗಿಡ ಸತ್ತೇಹೋಯಿತು ಅನ್ನುವ ಮೊದಲು ಬುಡದ ಹತ್ತಿರ ಕಾಂಡವನ್ನು ಉಗುರಿನಿಂದ ತುಸು ಕೆರೆದು ನೋಡು. ತೊಗಟೆಯ ಕೆಳಗೆ ಹಸಿರು ಕಂಡರೆ ಜೀವ ಇದೆ. ಆಗ ಕುಂಡದಿಂದ ಹೊರಗೆ ತೆಗೆದು, ಕಂದುಗಟ್ಟಿ ಮೆತ್ತಗಾಗಿ ನಾರುವ ಬೇರನ್ನೆಲ್ಲ ಕತ್ತರಿಸು, ಬಿಳಿ ಬೇರು ಇರಲಿ. ನರ್ಸರಿ ಗಿಡಕ್ಕೆ ಅಂಟು ಮಣ್ಣಿನ ಉಂಡೆ ಕಟ್ಟಿರುತ್ತಾರೆ, ಅದರ ಹೊರಮೈಯನ್ನು ನೆನೆಸಿ ಬಿಡಿಸು. 12 ಇಂಚಿನ ಕುಂಡ ಸಾಕು; ತೂತಿನ ಮೇಲೊಂದು ಹೆಂಚಿನ ಚೂರು; ಕೆಂಪುಮಣ್ಣು 2 ಪಾಲು, ಚೆನ್ನಾಗಿ ಕಳಿತ ಸಗಣಿಗೊಬ್ಬರ 1, ದಪ್ಪ ಮರಳೋ ಕೋಕೋಪೀಟೋ (ತೆಂಗಿನ ನಾರಿನ ಪುಡಿ) 1. ವಾರ, ಹತ್ತು ದಿನ ನೆರಳಿನಲ್ಲಿಡು. ಚಿಗುರುವ ತನಕ ಗೊಬ್ಬರ ಬೇಡ. ದೂರದಲ್ಲಿ ಕೂತು ಹೇಳುವುದು ಸುಲಭ, ನಿನಗೆ ಆಫೀಸೂ ಇದೆ, ಆದಷ್ಟು ಮಾಡು.

ನಮ್ಮ ಕಾಲದಲ್ಲಿ ಗಿಡ ಒಣಗಿದರೆ ಹೆಣ್ಣುಮಕ್ಕಳ ಕೈಯನ್ನೇ ದೂರುತ್ತಿದ್ದರು, ಬೇರು ತೆಗೆದು ತೋರಿಸಿದವರಿಲ್ಲ. ನಾವೂ ತುಟಿ ಬಿಚ್ಚಲಿಲ್ಲ. ಆ ಮಾತು ನಿನ್ನವರೆಗೂ ಬಂತಲ್ಲ, ಅದೇ ಸಂಕಟ.

ಹಳೆಯ ಎಲೆ ಹಳದಿಯಾಯಿತೋ, ಹೊಸತೋ ನೀನು ಬರೆದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರಿನಿಂದ ಹೀಗಾಗುವುದುಂಟು; ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದೆಯಾ ನೋಡು. ಕಟ್ಟಿದ್ದರೆ ಮಳೆನೀರು ಹಿಡಿದು ಹಾಕು. ಇದೂ ನಿನ್ನ ಕೈಯ ತಪ್ಪಲ್ಲ, ಕೊಳಾಯಿಯಲ್ಲಿ ಬರುವ ನೀರಿನದು.

ಇನ್ನು ಮೇಲೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರಷ್ಟೇ ನೀರು ಹಾಕು. ತಳದಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡು. ಚಿಗುರಿದ ಮೇಲೆ ಐದಾರು ಗಂಟೆ ನೇರ ಬಿಸಿಲು ಬೇಕು, ಇಲ್ಲದಿದ್ದರೆ ಎಲೆಯೇ ಹೊರತು ಹೂವಿಲ್ಲ. ಈ ಸಲ ಮೊಗ್ಗಿಗಾಗಿ ಕಾಯಬೇಡ. ಡಿಸೆಂಬರ್ ಕೊನೆಯಲ್ಲಿ ರೆಂಬೆಗಳನ್ನು ಅರ್ಧದಷ್ಟು ಕತ್ತರಿಸಿದರೆ ಹೊಸ ಚಿಗುರಿನ ತುದಿಯಲ್ಲಿ ಬೇಸಿಗೆಗೆ ಮೊಗ್ಗು ಬರುತ್ತದೆ.

ಒಂದು ವೇಳೆ ಚಿಗುರದೆ ಹೋದರೂ ಅದು ಕೊಳೆತ ಬೇರಿನ ಕೆಲಸ, ನಿನ್ನದಲ್ಲ. ಬೇರಿನ ಬಣ್ಣ ಹೇಗಿತ್ತು ಅಂತ ಮುಂದಿನ ಕಾಗದದಲ್ಲಿ ಬರೆ.

ಇತಿ,
ದೊಡ್ಡಮ್ಮ