ನವೆಂಬರ್ 11ಕ್ಕೆ ಮುಂಚೆ

ಪುಟ್ಟೀ,

ನವೆಂಬರ್ 11ರ, ಯುದ್ಧದಲ್ಲಿ ಸತ್ತವರನ್ನ ನೆನೆಯೋ ದಿನದ ಮಾತು ಬಂದಾಗ ನಿನ್ನೆ ಫೋನಿನಲ್ಲಿ ನಾನು ದನಿ ಏರಿಸಬಾರದಿತ್ತು. "ಊರುಗಳ ಮೇಲೆ ಬಾಂಬ್ ಹಾಕಿದವರಿಗೆ ನಾನ್ಯಾಕೆ ಹೂ ಇಡಬೇಕು ಅಪ್ಪಾ" ಅಂತ ನೀನು ಕೇಳಿದ್ದರಲ್ಲಿ ತಪ್ಪಿಲ್ಲ. 1943ರ ಜುಲೈನಲ್ಲಿ ಜರ್ಮನಿಯ ಹ್ಯಾಂಬರ್ಗ್ ಬ್ರಿಟನ್ ಕಡೆಯ ಬಾಂಬುಗಳಿಗೆ ಹೇಗೆ ಉರಿಯಿತು ಅಂತ ಓದಿದವರು ಕೇಳಲೇಬೇಕಾದ ಮಾತು ಅದು. ಮುಖಕ್ಕೆ ಕೇಳಿದೆಯಲ್ಲ, ಅದಕ್ಕೆ ಒಳಗೊಳಗೇ ಖುಷಿಯೂ ಆಯ್ತು.

ಹೂ ಬೇಡ. ಆದರೆ ಆ ದಿನ ನಿಮ್ಮ ಹ್ಯಾಮಿಲ್ಟನ್ನಿನ ಮ್ಯೂಸಿಯಮ್ಮಿಗೆ ಹೋದಾಗ ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಬಾಲದ ಹತ್ತಿರ ಐದು ನಿಮಿಷ ನಿಲ್ಲು. ಅದಕ್ಕೆ ಬರೆದಿರೋ ಗುರುತು ಆಂಡ್ರ್ಯೂ ಮೈನಾರ್ಸ್ಕಿ ಸತ್ತ ರಾತ್ರಿ ಹಾರಿದ ವಿಮಾನದ್ದು. ನಿಮ್ಮ ಕೆನಡಾದ್ದೇ ವಿನ್ನಿಪೆಗ್ ಹುಡುಗ, 27 ವರ್ಷ. 1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ರೈಲ್ವೆ ಯಾರ್ಡಿಗೆ ಬಾಂಬ್ ಹಾಕೋಕೆ ಹೊರಟಿದ್ದರು. ಬೆನ್ನ ಮೇಲಿನ ಬಂದೂಕಿನ ಗೂಡಿನಲ್ಲಿ ಇವನು, ಬಾಲದ ಗೂಡಿನಲ್ಲಿ ಗೆಳೆಯ ಪ್ಯಾಟ್ ಬ್ರೋಫಿ. ಜರ್ಮನ್ ಫೈಟರ್ ಹಿಂದೆ, ಕೆಳಗಿನಿಂದ ಬಂದು ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ಹೋದವು, ಎರಡು ಗೂಡುಗಳ ನಡುವೆ ಬೆಂಕಿ.

ಬಾಲದ ಗೂಡಿನಿಂದ ಹಾರೋದು ಹೇಗೆ ಗೊತ್ತಾ? ಪ್ಯಾರಾಚೂಟ್ ಗೂಡಿನೊಳಗೆ ಇರಲ್ಲ, ಬೆನ್ನ ಹಿಂದೆ ವಿಮಾನದ ಒಳಗೆ ತೂಗುಹಾಕಿರ್ತಾರೆ. ಮೊದಲು ಗೂಡನ್ನ ನೇರ ಮಾಡಬೇಕು, ಆಗಲೇ ಬಾಗಿಲು ವಿಮಾನದೊಳಕ್ಕೆ ತೆರೆಯೋದು. ಕೈ ಚಾಚಿ ಪ್ಯಾರಾಚೂಟ್ ತೆಗೆದು ಎದೆಗೆ ಕೊಕ್ಕೆ ಹಾಕ್ಕೋಬೇಕು. ಆಮೇಲೆ ಗೂಡನ್ನ ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಅದೇ ಬಾಗಿಲು ಆಚೆ ಗಾಳಿಗೆ ಬರುತ್ತೆ, ಹಿಮ್ಮುಖವಾಗಿ ಬೀಳೋದು. ತಿರುಗಿಸೋ ಹೈಡ್ರಾಲಿಕ್ ಒತ್ತಡ ಬರ್ತಿದ್ದದ್ದು ಎಡಗಡೆಯ ಎಂಜಿನ್ನಿಂದ. ಅದು ಸತ್ತರೆ ಅಂತಲೇ ಕೈಯಲ್ಲಿ ಸುತ್ತೋ ಹಿಡಿ. ಬ್ರೋಫಿ ಸುತ್ತಿದ, ಹಿಡಿ ಮುರಿದು ಕೈಗೆ ಬಂತು. ಗೂಡು ಅರ್ಧಕ್ಕೆ ನಿಂತಿತ್ತು: ಒಳಕ್ಕೂ ದಾರಿ ಇಲ್ಲ, ಆಚೆಗೂ ಇಲ್ಲ.

ಮೈನಾರ್ಸ್ಕಿ ಅಷ್ಟರಲ್ಲಿ ಹಾರೋ ಬಾಗಿಲಿಗೆ ಬಂದಿದ್ದ. ವಾಪಸ್ ಬೆಂಕಿಯೊಳಗೆ ನುಗ್ಗಿ, ಕೊಡಲಿಯಿಂದ, ಕೊನೆಗೆ ಬರಿಗೈಯಿಂದ ಎಳೆದ. ಬ್ರೋಫಿಯೇ ಹೋಗು ಅಂತ ಕೈಬೀಸಿದ. ಸೊಂಟದವರೆಗೆ ಬಟ್ಟೆ ಉರೀತಿದ್ದಾಗಲೂ ಮೈನಾರ್ಸ್ಕಿ ಎದ್ದು ನಿಂತು ಸೆಲ್ಯೂಟ್ ಹೊಡೆದು ಹಾರಿದ. ಪ್ಯಾರಾಚೂಟಿಗೂ ಬೆಂಕಿ ಹತ್ತಿತ್ತು, ಸುಟ್ಟಗಾಯಗಳಿಂದಲೇ ಸತ್ತ. ವಿಮಾನದ ಜೊತೆಗೇ ನೆಲಕ್ಕಪ್ಪಳಿಸಿದ ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿದ. ವಿಮಾನದಲ್ಲಿದ್ದ ಏಳು ಜನರಲ್ಲಿ ಸತ್ತವನು ಮೈನಾರ್ಸ್ಕಿಯೊಬ್ಬನೇ. ಬ್ರೋಫಿ ಬಾಯಿಬಿಟ್ಟು ಹೇಳಿದ್ದರಿಂದ 1946ರಲ್ಲಿ ಅವನಿಗೆ ವಿಕ್ಟೋರಿಯಾ ಕ್ರಾಸ್, ಅಂದರೆ ಶೌರ್ಯಕ್ಕೆ ಕೊಡೋ ಅತಿ ದೊಡ್ಡ ಪದಕ, ಬಂತು. ಬ್ರಿಟಿಷ್ ವಾಯುಪಡೆಯ ಬಾಂಬರ್ ದಳವಾದ ಬಾಂಬರ್ ಕಮಾಂಡಿನಲ್ಲಿ ಸತ್ತ 55,573 ಜನರಲ್ಲಿ ಎಷ್ಟೋ ಮಂದಿಯ ಕೊನೆ ನಿಮಿಷ ಹೇಳೋಕೆ ಇಂಥ ಬ್ರೋಫಿ ಉಳಿಯಲಿಲ್ಲ.

ನನ್ನ ತಲೆ ಮಾತ್ರ ಆ ಹಿಡಿಯಲ್ಲೇ ಸಿಕ್ಕಿಕೊಂಡಿದೆ. ತುರ್ತಿಗೆ ಅಂತ ಇಟ್ಟದ್ದನ್ನ ದಿನಾ ಯಾರೂ ಮುಟ್ಟಲ್ಲ, ಅದು ಗಟ್ಟಿ ಇದೆಯಾ ಅಂತ ಗೊತ್ತಾಗೋದೇ ಬೆಂಕಿ ಬಿದ್ದ ಮೇಲೆ. ನಿನ್ನ ನೆಲಮಾಳಿಗೆ ರೂಮಿಂದ ಮೇಲೆ ಬರೋಕೆ ಒಂದೇ ಮೆಟ್ಟಿಲ ದಾರಿ, ಅದೂ ಒಲೆಯ ಪಕ್ಕ. ಒಗ್ಗರಣೆಗೆಲ್ಲ ಕಿರುಚುತ್ತೆ ಅಂತ ಹೊಗೆ ಅಲಾರಮ್ಮಿನ ಬ್ಯಾಟರಿ ತೆಗೆದಿಟ್ಟಿದ್ದೀಯ, ಅದನ್ನೂ ನಗ್ತಾ ಹೇಳಿದೆ! ಕಿಟಕಿ ಪೂರ್ತಿ ತೆಗೆದು ನಿನ್ನ ಭುಜ ಹಿಡಿಸುತ್ತಾ ನೋಡು, ಚಳಿಗಾಲದ ಕೋಟು ಹಾಕ್ಕೊಂಡು ನೋಡು. ಹಿಮ ಬಿದ್ದಾಗ ಕಿಟಕಿಯಾಚೆಯ ಹಳ್ಳ ತುಂಬಿದರೆ ಕಿಟಕಿ ತೆರೆಯೋದೂ ಇಲ್ಲ.

ಭಾಷಣ ಆಯ್ತು, ಗೊತ್ತು. ಬ್ಯಾಟರಿ ಹಾಕಿ ಗುಂಡಿ ಒತ್ತು. ಅದು ಕೂಗೋದನ್ನ ರೆಕಾರ್ಡ್ ಮಾಡಿ ಇವತ್ತೇ ಕಳಿಸು.

ಅಪ್ಪ