ಡಿಪ್‌ಸ್ಟಿಕ್ ಒಮ್ಮೆ ಎಳೆದು ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಇಂಜಿನ್ ಆಯಿಲಿನ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಬಗ್ಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಇತ್ತೀಚೆಗೆ ಬಂದ ಕಿರುಬರಹವೊಂದು, ‘ಬಾನೆಟ್ ತೆರೆಯಿರಿ, ಡಿಪ್‌ಸ್ಟಿಕ್ ಎಳೆಯಿರಿ, ಆಯಿಲ್ ಎರಡು ಗುರುತುಗಳ ನಡುವೆ ಇದ್ದರೆ ನಿಶ್ಚಿಂತೆಯಿಂದ ಹೊರಡಿ’ ಎಂದು ಸಲಹೆ ಕೊಟ್ಟಿದೆ. ಬಾನೆಟ್ ಎತ್ತುವುದನ್ನೇ ಜನ ಮರೆತಿರುವಾಗ ಇಷ್ಟನ್ನಾದರೂ ಬರೆದಿರಲ್ಲ ಎಂಬುದು ಸಂತೋಷ. ಆದರೆ ಗ್ಯಾರೇಜಿನಲ್ಲಿ ಫೋರ್‌ಮನ್ ಆಗಿ ದುಡಿದು ನಿವೃತ್ತನಾದ ನನಗೆ ಈ ಸಲಹೆ ಅರ್ಧಕ್ಕೇ ನಿಂತಂತೆ ಕಂಡಿತು. ಕಾರು ಅದೇ, ಆಯಿಲ್ ಅದೇ, ದಿನವೂ ಅದೇ. ನೋಡುವ ರೀತಿ ಬದಲಾದರೆ ಕಡ್ಡಿ ತೋರಿಸುವ ಮಟ್ಟವೂ ಬದಲಾಗುತ್ತದೆ.

ಇಂಜಿನ್ ಓಡುತ್ತಿರುವಾಗ ಪಂಪು ಆಯಿಲನ್ನು ಇಂಜಿನಿನ ಮೇಲ್ಭಾಗವಾದ ಹೆಡ್‌ವರೆಗೂ ತಳ್ಳುತ್ತಿರುತ್ತದೆ. ಕ್ಯಾಮ್‌ಶಾಫ್ಟಿನ ಮೇಲೆ, ವಾಲ್ವುಗಳ ಸುತ್ತ, ಬ್ಲಾಕಿನ ಸಣ್ಣ ರಂಧ್ರಗಳಲ್ಲೆಲ್ಲ ಅದು ಹರಡಿಕೊಂಡಿರುತ್ತದೆ. ಆಫ್ ಮಾಡಿದ ತಕ್ಷಣ ಅಷ್ಟೂ ಕೆಳಗಿನ ಚೇಂಬರಿಗೆ ಬಂದು ಸೇರುವುದಿಲ್ಲ; ತೊಟ್ಟಿಕ್ಕುತ್ತಾ ನಿಧಾನವಾಗಿ ಇಳಿಯುತ್ತದೆ. ಪೆಟ್ರೋಲ್ ಹಾಕಿಸಲು ನಿಲ್ಲಿಸಿದ ಮರುಗಳಿಗೆಯೇ ಕಡ್ಡಿ ಎಳೆದವರಿಗೆ ಮಟ್ಟ ಕಡಿಮೆ ಕಾಣುವುದು ಇದರಿಂದಲೇ. ಅವರು ಗಾಬರಿಯಿಂದ ಅರ್ಧ ಲೀಟರ್ ಸುರಿಸಿಕೊಂಡು ಹೋಗುತ್ತಾರೆ. ಐದು ಹತ್ತು ನಿಮಿಷ ಕಾದಿದ್ದರೆ ಅದು ಬೇಕಿರಲಿಲ್ಲ.

ಕೆಲವು ತಯಾರಕರು ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನಿನಲ್ಲಿ ನೋಡಿ ಎನ್ನುತ್ತಾರೆ. ಇನ್ನು ಕೆಲವರು ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ನೋಡಿ ಎನ್ನುತ್ತಾರೆ. ಹೇಗೆ ನೋಡಿದರೇನು ಎಂದುಕೊಳ್ಳಬಾರದು. ಆಯಿಲ್ ಬಿಸಿಗೆ ಹಿಗ್ಗುತ್ತದೆ: 4 ಲೀಟರ್ ಆಯಿಲಿನ ಶಾಖ 70 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಗಾತ್ರ ಸುಮಾರು 200 ಮಿಲಿಲೀಟರ್ ಹೆಚ್ಚುತ್ತದೆ. ಅನೇಕ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರವೇ ಒಂದು ಲೀಟರಿನ ಆಸುಪಾಸು. ಅದರಲ್ಲಿ ಐದನೆಯ ಒಂದು ಪಾಲು ಬರೀ ಶಾಖದ ವ್ಯತ್ಯಾಸಕ್ಕೇ ಹೋಯಿತಲ್ಲ! ಆದ್ದರಿಂದ ನಿಮ್ಮ ಕಾರಿನ ಕೈಪಿಡಿ ಹೇಳಿದ ಕ್ರಮವನ್ನೇ ಪ್ರತಿ ಸಲವೂ ಅನುಸರಿಸಬೇಕು. ಒಂದು ತಿಂಗಳು ಬೆಳಿಗ್ಗೆ ತಣ್ಣಗಿದ್ದಾಗ, ಮುಂದಿನ ತಿಂಗಳು ಸಂಜೆ ಬಿಸಿಯಿದ್ದಾಗ ನೋಡಿ ಹೋಲಿಸುವುದರಲ್ಲಿ ಅರ್ಥವಿಲ್ಲ. ಕಾರು ಸಮತಟ್ಟಾದ ನೆಲದ ಮೇಲೆ ನಿಂತಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಆಯಿಲ್ ಚೇಂಬರಿನ ಒಂದು ಬದಿಗೆ ಸರಿದು ಕೂರುತ್ತದೆ.

ಇನ್ನು ಕಡ್ಡಿಯ ವಿಷಯ. ಮೊದಲ ಸಲ ಎಳೆದ ಕಡ್ಡಿಯನ್ನು ನಂಬುವುದು ಪಾದರಸದ ಥರ್ಮಾಮೀಟರನ್ನು ಕೊಡವದೆ ಜ್ವರ ನೋಡಿದಂತೆ. ಓಡುವಾಗ ಸಿಡಿದ ಆಯಿಲ್ ಕಡ್ಡಿಯ ಮೇಲೂ ಕೊಳವೆಯ ಒಳಗೋಡೆಗೂ ಮೆತ್ತಿಕೊಂಡಿರುತ್ತದೆ. ಎಳೆಗಳು ಉದುರದ ಸ್ವಚ್ಛ ಬಟ್ಟೆಯಿಂದ ಒರೆಸಿ, ಹಿಡಿಕೆ ಪೂರ್ತಿ ಕೂರುವವರೆಗೆ ಒಳಗೆ ತಳ್ಳಿ, ಒಂದು ಕ್ಷಣ ಬಿಟ್ಟು ಎರಡನೇ ಸಲ ಎಳೆದು ನೋಡಬೇಕು. ಆಗಲೂ ಕಡ್ಡಿಯ ಎರಡೂ ಮುಖಗಳನ್ನು ನೋಡಿ. ಒಂದು ಬದಿಯಲ್ಲಿ ಆಯಿಲ್ ಮೇಲಿನವರೆಗೆ ಎಳೆದಂತೆ ಕಾಣುತ್ತದೆ, ಇನ್ನೊಂದರಲ್ಲಿ ಕೆಳಗೆ ನೇರ ಗೆರೆ ಇರುತ್ತದೆ. ಕೊಳವೆಯ ಗೋಡೆಗೆ ಉಜ್ಜಿದ ಬದಿ ಸುಳ್ಳು ಹೇಳುತ್ತದೆ. ಕೆಳಗಿನ ಗೆರೆಯನ್ನೇ ಹಿಡಿಯಬೇಕು. ಎರಡೂ ಕಡೆ ಗೊಂದಲವಿದ್ದರೆ ಇನ್ನೊಮ್ಮೆ ಒರೆಸಿ ನೋಡಿ. ಹೊಸ ಆಯಿಲ್ ತೆಳು ಜೇನಿನ ಬಣ್ಣದ್ದಾಗಿದ್ದು ಲೋಹದ ಮೇಲೆ ಕಾಣಿಸುವುದೇ ಕಷ್ಟ. ಬೆಳಕಿಗೆ ಓರೆಯಾಗಿ ಹಿಡಿದರೆ ಒದ್ದೆಯ ಅಂಚು ಹೊಳೆಯುತ್ತದೆ.

ಕಿರುಬರಹದ ಜೊತೆಗಿದ್ದ ಚಿತ್ರದ ಬಗ್ಗೆಯೂ ಒಂದು ಮಾತು. ಅದರಲ್ಲಿ ಯುವಕನೊಬ್ಬ ಕಡ್ಡಿಯ ತುದಿಯನ್ನು ಆಕಾಶಕ್ಕೆ ಎತ್ತಿ ಹಿಡಿದು ನಗುತ್ತಿದ್ದಾನೆ. ಹಾಗೆ ಹಿಡಿದರೆ ಆಯಿಲ್ ಹಿಡಿಕೆಯ ಕಡೆಗೆ ಹರಿದು ಮಟ್ಟ ಹೆಚ್ಚಿರುವಂತೆ ಕಾಣುತ್ತದೆ. ತುದಿ ಕೆಳಗಿರಲಿ, ಇಲ್ಲವೇ ಕಡ್ಡಿ ಅಡ್ಡಡ್ಡವಾಗಿರಲಿ.

ಜನರಿಗೆ ಕಡಿಮೆ ಆಯಿಲಿನ ಭಯವಿದೆ, ಹೆಚ್ಚಿನ ಆಯಿಲಿನ ಭಯವಿಲ್ಲ. ‘ಇರಲಿ ಬಿಡಿ, ಸ್ವಲ್ಪ ಹೆಚ್ಚೇ ಇರಲಿ’ ಎಂಬ ಮಾತನ್ನು ನಾನು ಗ್ಯಾರೇಜಿನಲ್ಲಿ ಕೇಳಿ ಕೇಳಿ ಬೇಸತ್ತಿದ್ದೇನೆ. ಮೇಲಿನ ಗುರುತನ್ನು ತೀರಾ ಮೀರಿದರೆ ರಭಸದಿಂದ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲಿಗೆ ಬಡಿದು ನೊರೆ ಎಬ್ಬಿಸುತ್ತದೆ. ಗಾಳಿ ಬೆರೆತ ಆಯಿಲನ್ನು ಪಂಪು ಎಳೆದುಕೊಂಡರೆ ಬೇರಿಂಗುಗಳಿಗೆ ಸಿಗಬೇಕಾದ ಒತ್ತಡ ಸಿಗುವುದಿಲ್ಲ. ಅಂದರೆ ಆಯಿಲ್ ಅತಿಯಾಗಿಯೂ ಇಂಜಿನ್ ಒಣಗಬಹುದು. ಜೊತೆಗೆ ಅದು ಇಂಜಿನಿನ ಒಳಗಿನ ಆವಿಯನ್ನು ಒಯ್ಯುವ ಬ್ರೀದರ್ ಪೈಪಿನ ಮೂಲಕ ಇಂಧನ ಉರಿಯುವ ಸಿಲಿಂಡರಿನೊಳಗೆ ಸೇರಿ ಉರಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಕೊನೆಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಮಟ್ಟ ಎರಡು ಗುರುತುಗಳ ಮಧ್ಯಕ್ಕಿಂತ ಮೇಲಿದ್ದರೆ ಹಾಕುವ ಅಗತ್ಯವೇ ಇಲ್ಲ. ಹಾಕಲೇಬೇಕಿದ್ದರೆ ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನು ಕಾಲು ಲೀಟರಿನಷ್ಟು ಹಾಕಿ, ಅದು ಇಳಿಯಲು ಬಿಟ್ಟು, ಮತ್ತೆ ಒರೆಸಿ ನೋಡಿ ಮುಂದುವರಿಯಬೇಕು. ಸುರಿಯುವುದು ಸುಲಭ, ಹೆಚ್ಚಾದದ್ದನ್ನು ಹೊರತೆಗೆಯಲು ಕಾರಿನಡಿ ಮಲಗಿ ಡ್ರೈನ್ ಬೋಲ್ಟ್ ಬಿಚ್ಚಬೇಕಾಗುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪವಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಆ ಎಣ್ಣೆ ಡಬ್ಬಿಯ ಚಿತ್ರದ ದೀಪ ಹೇಳುವುದು ಒತ್ತಡವನ್ನು, ಮಟ್ಟವನ್ನಲ್ಲ. ಆಯಿಲ್ ಕಡಿಮೆಯಾಗಿ ಅದು ಹೊತ್ತಿತೆಂದರೆ ಮಟ್ಟ ಕೆಳಗಿನ ಗುರುತನ್ನು ದಾಟಿ ಬಹಳ ಇಳಿದಿದೆ ಎಂದರ್ಥ. ಕೂಡಲೇ ಇಂಜಿನ್ ನಿಲ್ಲಿಸಬೇಕು.

ಆಯಿಲ್ ಹಾಕದೆಯೇ ಮಟ್ಟ ಏರುತ್ತಿದ್ದರೆ ಅದನ್ನು ಶುಭವೆಂದು ತಿಳಿಯಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರುಗಳನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೆ, ಫಿಲ್ಟರನ್ನು ಸುಟ್ಟು ಶುಚಿಗೊಳಿಸಲು ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿದು ಸೇರುತ್ತದೆ. ಕಡ್ಡಿಯನ್ನು ಮೂಗಿನ ಬಳಿ ಹಿಡಿದರೆ ವಾಸನೆಯೇ ಹೇಳುತ್ತದೆ. ಕಡ್ಡಿಯ ಮೇಲೆ ಹಾಲಿನಂಥ ಬಿಳುಪು ಕಂಡರೆ ಇಂಜಿನನ್ನು ತಣಿಸುವ ದ್ರವವಾದ ಕೂಲೆಂಟ್ ಬೆರೆತಿರುವ ಸಂಶಯ. ಅಂಥ ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ಡೀಸೆಲ್ ಇಂಜಿನಿನ ಆಯಿಲ್ ಬೇಗ ಕಪ್ಪಾಗುವುದು ಮಾತ್ರ ಸಹಜ, ಅದಕ್ಕೆ ಹೆದರಬೇಕಿಲ್ಲ.

ಈಗ ಡಿಪ್‌ಸ್ಟಿಕ್ಕೇ ಇಲ್ಲದ ಕಾರುಗಳೂ ಬಂದಿವೆ. ಅವುಗಳಲ್ಲಿ ಸೆನ್ಸರ್ ಅಳೆದು ಮಟ್ಟವನ್ನು ಪರದೆಯ ಮೇಲೆ ತೋರಿಸುತ್ತದೆ. ಆ ಅಳತೆಗೂ ನೆಲದ ಮತ್ತು ಶಾಖದ ಷರತ್ತುಗಳಿವೆ. ಅವೇನೆಂದು ಬಲ್ಲವರಿಂದ ಒಂದು ಲೇಖನ ಬರೆಯಿಸಿ ಪ್ರಕಟಿಸಬೇಕೆಂದು ವಾಹನ ಪುಟದವರಲ್ಲಿ ನನ್ನ ಕೋರಿಕೆ.

ಇಂತಿ,
ತಮ್ಮ ಓದುಗ, ನಿವೃತ್ತ ಫೋರ್‌ಮನ್