ಭಾನುವಾರದ ದಂತ ತಪಾಸಣೆ: ಸದಸ್ಯರ ಗಮನಕ್ಕೆ

ಬಳಗದ ಸದಸ್ಯರೆಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ದಂತ ಚಿಕಿತ್ಸಾಲಯದಲ್ಲಿ ನಮ್ಮ ಹಿರಿಯರ ಹಲ್ಲಿನ ತಪಾಸಣೆ ನಡೆಯಲಿದ್ದು, ಸಮಯ ಗೊತ್ತುಪಡಿಸುವುದು, ಹಳೆಯ ಕಾಯಿಲೆಗಳನ್ನು ಬರೆದುಕೊಳ್ಳುವುದು, ಖರ್ಚಿನ ಅಂದಾಜು ತಿಳಿಸುವುದು, ಮುಂದಿನ ಭೇಟಿಯನ್ನು ನೆನಪಿಸುವುದು ಎಲ್ಲವನ್ನೂ ಅಲ್ಲಿನ ರೋಗಿ ಆರೈಕೆ ಸಂಯೋಜಕಿಯವರೇ ನೋಡಿಕೊಳ್ಳುತ್ತಾರೆ. ಅವರು ಕನ್ನಡ ಬಲ್ಲವರಾದ್ದರಿಂದ, ಮರಾಠಿಯಲ್ಲಿ ನೋವು ಹೇಳಿಕೊಳ್ಳಲು ತಡವರಿಸುವ ನಮ್ಮ ಅಜ್ಜಿಯಂದಿರಿಗೆ ಇದು ದೊಡ್ಡ ಆಸರೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ ಇದ್ದರೆ ಅವರಿಗೆ ಮೊದಲೇ ತಿಳಿಸಿ, ಮಾತ್ರೆಯ ಸ್ಟ್ರಿಪ್ಪನ್ನೇ ತನ್ನಿ. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ಭಾನುವಾರ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲುಗಳ ಓಡಾಟದಲ್ಲಿ ಕಡಿತ) ಇರುವುದುಂಟು, ಥಾಣೆ, ಮುಲುಂಡ್ ಕಡೆಯವರು ಬೇಗ ಹೊರಡಿ. ಬರುವವರ ಹೆಸರನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿ ಬರೆಯಬೇಕಾಗಿ ವಿನಂತಿ. ಕಾಯಿಲೆಯ ವಿವರ ಮಾತ್ರ ಗುಂಪಿನಲ್ಲಿ ಬೇಡ, ಸಂಯೋಜಕಿಯವರಿಗೇ ನೇರವಾಗಿ ತಿಳಿಸಿ.